ಹೇಳಿ ಬರೆಸಿದ ನಾಟಕಗಳ ಒಡೆಯ ಟಿ.ಪಿ. ಕೈಲಾಸಂ

ಕನ್ನಡ ರಂಗಭೂಮಿಯಲ್ಲಿ ಮನೆಯ ಹಜಾರವನ್ನೇ ರಂಗಸ್ಥಳ ಮಾಡಿ, ಮನೆಯಲ್ಲಿ ಆಡುವ ಮಾತನ್ನೇ ಸಂಭಾಷಣೆ ಮಾಡಿದವರು ತ್ಯಾಗರಾಜ ಪರಮಶಿವ ಕೈಲಾಸಂ. ಟಿ.ಪಿ. ಕೈಲಾಸಂ ಎಂದರೆ ಹಿರಿಯರಿಗೆಲ್ಲ ಗೊತ್ತು. ಪ್ರಹಸನ ಪಿತಾಮಹ ಎಂದು ಕನ್ನಡಿಗರು ಅವರನ್ನು ಕರೆದರು. ಕನ್ನಡಕ್ಕೆ ಒಬ್ಬನೇ ಕೈಲಾಸಂ ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಇಷ್ಟು ಹೆಸರು ಮಾಡಿದವರು ತಮ್ಮ ನಾಟಕಗಳನ್ನು ತಾವೇ ಕೂತು ಬರೆದದ್ದು ಬಹಳ ಕಡಿಮೆ. ಅವರು ಹೇಳುತ್ತಿದ್ದರು, ಬೇರೆಯವರು ಬರೆದುಕೊಳ್ಳುತ್ತಿದ್ದರು. ಬರೆದುಕೊಂಡವರು ಇದ್ದುದರಿಂದ ಇಂದು ನಮ್ಮ ಕೈಗೆ ಆ ನಾಟಕಗಳು ಸಿಕ್ಕಿವೆ. ಅವರ ಜೀವನವನ್ನು ಇಂದಿನ ತರುಣರು ತಿಳಿಯಬೇಕಾದ ಕಾರಣಗಳಲ್ಲಿ ಇದೂ ಒಂದು.

ಮನೆತನ ಮತ್ತು ವಿದ್ಯಾಭ್ಯಾಸ

ಕೈಲಾಸಂ ಹುಟ್ಟಿದ್ದು 1884ರ ಜುಲೈ 29ರಂದು. ಮನೆಮಾತು ತಮಿಳು. ತಂದೆ ಟಿ. ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಅವರು ದೊಡ್ಡ ವಿದ್ವಾಂಸರೂ ಹೌದು. ರಾಮಾಯಣದ ಲಂಕೆ ಎಲ್ಲಿತ್ತು ಎಂಬುದನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದವರು. ಚಿಕ್ಕಪ್ಪ ದೊಡ್ಡಪ್ಪಂದಿರ ಸಾಲಿನಲ್ಲಿ ಸರ್ ಟಿ. ಸದಾಶಿವ ಅಯ್ಯರ್ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದರು. ಇಂತಹ ಮನೆಯಲ್ಲಿ ಹುಟ್ಟಿದ ಹುಡುಗ ಮುಂದೆ ದೊಡ್ಡ ಅಧಿಕಾರಿ ಆಗುತ್ತಾನೆ ಎಂದು ಎಲ್ಲರೂ ಎಣಿಸುವುದು ಸಹಜ. ಮನೆಮಾತು ಬೇರೆಯಾದರೂ ಬೀದಿಯಲ್ಲಿ, ಶಾಲೆಯಲ್ಲಿ, ಆಳುಕಾಳುಗಳ ಬಾಯಲ್ಲಿ ಕೇಳಿದ ಕನ್ನಡ ಆ ಹುಡುಗನ ಕಿವಿಯಲ್ಲಿ ಗಟ್ಟಿಯಾಗಿ ಉಳಿಯಿತು.

ಓದಿನಲ್ಲಿ ಕೈಲಾಸಂ ಚುರುಕು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಓದಿದರು. ಆ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿ ವೇತನ ಪಡೆದು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಕೋಲಾರದಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲ ಅದು. ನೆಲದೊಳಗಿನ ಸಂಪತ್ತನ್ನು ಬಲ್ಲವರು ಸಂಸ್ಥಾನಕ್ಕೆ ಬೇಕಾಗಿದ್ದರು. ಸರ್ಕಾರ ಹಣ ಖರ್ಚು ಮಾಡಿ ತರುಣರನ್ನು ಹೊರದೇಶಕ್ಕೆ ಕಳಿಸುತ್ತಿದ್ದುದು ಈ ಉದ್ದೇಶಕ್ಕೆ.

ಲಂಡನ್ನಿನಲ್ಲಿ ಕಂಡ ರಂಗಭೂಮಿ

ಲಂಡನ್ನಿನಲ್ಲಿ ಅವರು ಭೂಗರ್ಭಶಾಸ್ತ್ರದಲ್ಲಿ ಒಳ್ಳೆಯ ಹೆಸರು ತೆಗೆದುಕೊಂಡರು. ಆದರೆ ಸಂಜೆಯ ಹೊತ್ತು ಅವರ ಮನಸ್ಸು ನಾಟಕ ಶಾಲೆಗಳ ಕಡೆ ಎಳೆಯುತ್ತಿತ್ತು. ಅಲ್ಲಿ ಆಗ ಇಬ್ಸನ್, ಬರ್ನಾರ್ಡ್ ಷಾ ಇಂಥವರ ನಾಟಕಗಳ ಕಾಲ. ರಾಜ ರಾಣಿಯರ ಕಥೆ ಬಿಟ್ಟು ಗಂಡ ಹೆಂಡತಿ, ತಂದೆ ಮಗಳು, ವಕೀಲ, ವೈದ್ಯ ಇವರ ಕಥೆಯೇ ರಂಗದ ಮೇಲೆ ಬರುತ್ತಿತ್ತು. ಮಾತೇ ನಾಟಕದ ಜೀವ. ಹಾಡು ಇಲ್ಲದೆ, ಪರದೆಯ ಮೇಲೆ ಪರದೆ ಇಲ್ಲದೆ, ಒಂದೇ ಕೋಣೆಯಲ್ಲಿ ನಡೆಯುವ ನಾಟಕ ಎರಡು ಗಂಟೆ ಜನರನ್ನು ಹಿಡಿದು ಕೂರಿಸುವುದನ್ನು ಅವರು ಕಂಡರು. ಜನಸಾಮಾನ್ಯರು ಹೋಗುತ್ತಿದ್ದ ಮ್ಯೂಸಿಕ್ ಹಾಲುಗಳ ಹಾಡುಗಳೂ ಅವರಿಗೆ ಬಾಯಿಪಾಠ.

ಆ ಹಾಡುಗಳ ಧಾಟಿಯನ್ನು ಅವರು ಮುಂದೆ ಕನ್ನಡಕ್ಕೆ ತಂದರು. ಇಂಗ್ಲಿಷ್ ಸಿಪಾಯಿಗಳು ಹಾಡುತ್ತಿದ್ದ ಟಿಪ್ಪರರಿ ಎಂಬ ಊರಿನ ಹಾಡು ಕೈಲಾಸಂ ಕೈಯಲ್ಲಿ ತಿಪ್ಪಾರಳ್ಳಿಯ ಹಾಡಾಯಿತು. ಒಂದು ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿ ನಗಿಸುವ ಕೋಳೀಕೆ ರಂಗನ ಹಾಡು ಶಾಲೆಯ ಮಕ್ಕಳಿಗೆ ಇಂದಿಗೂ ಪ್ರಿಯ. ಹಾಡಿನ ಮೂಲ ಧಾಟಿ ಎಲ್ಲಿಯದು ಎಂದು ಕೇಳುವವರಿಗೆ ನೆನಪೂ ಬಾರದಷ್ಟು ಅವು ಕನ್ನಡದವೇ ಆಗಿವೆ.

ನೌಕರಿ ಬಿಟ್ಟು ರಂಗಕ್ಕೆ

1915ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಕೈಲಾಸಂ ಮೈಸೂರು ಸರ್ಕಾರದ ಭೂಗರ್ಭ ಇಲಾಖೆ ಸೇರಿದರು. ಸಂಬಳವಿತ್ತು, ಮರ್ಯಾದೆ ಇತ್ತು, ಮೇಲೇರುವ ಅವಕಾಶವೂ ಇತ್ತು. ಆದರೆ ಕಚೇರಿಯ ಶಿಸ್ತಿಗೆ ಅವರ ಸ್ವಭಾವ ಒಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಕೆಲಸ ಬಿಟ್ಟರು. ಅಲ್ಲಿಂದ ಮುಂದೆ ನಾಟಕವೇ ಅವರ ಕಸುಬು. ಆ ಕಸುಬಿನಿಂದ ಅವರಿಗೆ ಹಣ ಬರಲಿಲ್ಲ. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಅವರ ಬಳಿ ಇದ್ದ ಬಂಡವಾಳ ದೊಡ್ಡದು. ಮನೆತನ, ವಿದ್ಯೆ, ವಿಲಾಯತಿ ಪದವಿ, ಸರ್ಕಾರಿ ಹುದ್ದೆ. ಅಷ್ಟನ್ನೂ ಅವರು ರಂಗಭೂಮಿಗೆ ಸುರಿದರು. ಲಾಭದ ಲೆಕ್ಕ ಇಡಲಿಲ್ಲ.

ಆಗಿನ ಕನ್ನಡ ರಂಗಭೂಮಿ ಹೇಗಿತ್ತು ಎಂದು ತಿಳಿದರೆ ಅವರು ಮಾಡಿದ ಕೆಲಸದ ಬೆಲೆ ಗೊತ್ತಾಗುತ್ತದೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಊರಿಂದೂರಿಗೆ ತಿರುಗುತ್ತಿತ್ತು. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿ ಮೈಸೂರು ಸೀಮೆಯಲ್ಲಿ ಮನೆಮಾತಾಗಿತ್ತು. ಪುರಾಣದ ಕಥೆ, ಗದ್ಯಕ್ಕಿಂತ ಹೆಚ್ಚು ಹಾಡು, ಬಣ್ಣದ ಪರದೆ, ಜರತಾರಿ ಉಡುಪು, ರಾತ್ರಿಯೆಲ್ಲ ನಡೆಯುವ ಆಟ. ನಟರು ಒಳ್ಳೆಯ ಗಾಯಕರಾಗಿರಲೇಬೇಕಿತ್ತು. ಆ ನಾಟಕಗಳು ಲಕ್ಷಾಂತರ ಜನರಿಗೆ ಸಂತೋಷವನ್ನೂ ನೀತಿಯನ್ನೂ ಕೊಟ್ಟವು. ಆದರೆ ಅವುಗಳಲ್ಲಿ ಆಡುತ್ತಿದ್ದ ಭಾಷೆ ಗ್ರಂಥದ ಭಾಷೆ. ನೋಡಲು ಬಂದವರ ಮನೆಯ ಕಷ್ಟಸುಖ ಅಲ್ಲಿ ನೇರವಾಗಿ ಕಾಣುತ್ತಿರಲಿಲ್ಲ.

ಟೊಳ್ಳು ಯಾವುದು, ಗಟ್ಟಿ ಯಾವುದು

ಬೆಂಗಳೂರಿನಲ್ಲಿ ವಿದ್ಯಾವಂತರು, ವಕೀಲರು, ಅಧಿಕಾರಿಗಳು ಸೇರಿ 1909ರಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಎಂಬ ಹವ್ಯಾಸಿ ಸಂಘ ಕಟ್ಟಿದ್ದರು. ಎ.ಡಿ.ಎ. ಎಂಬ ಹೆಸರು ಜೆ.ಸಿ. ರಸ್ತೆಯ ರಂಗಮಂದಿರದ ಮೇಲೆ ಇಂದಿಗೂ ಇದೆ. ಹಗಲು ಉದ್ಯೋಗ, ಸಂಜೆ ತಾಲೀಮು ಎಂಬ ಪದ್ಧತಿಯ ಈ ಸಂಘ ಹೊಸ ನಾಟಕಗಳಿಗೆ ಸ್ಪರ್ಧೆ ನಡೆಸಿತು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ ಬೆಳಕಿಗೆ ಬಂದದ್ದು ಹೀಗೆ, 1918ರ ಸುಮಾರಿಗೆ. ಕನ್ನಡದ ಆಧುನಿಕ ಸಾಮಾಜಿಕ ನಾಟಕ ಶುರುವಾದದ್ದು ಇದರಿಂದ ಎಂದು ಬಲ್ಲವರು ಹೇಳುತ್ತಾರೆ.

ಕಥೆ ಬಹಳ ಸರಳ. ಒಂದು ಮನೆಯಲ್ಲಿ ಇಬ್ಬರು ಮಕ್ಕಳು, ಪುಟ್ಟು ಮತ್ತು ಮಾಧು. ಪುಟ್ಟು ಯಾವಾಗಲೂ ಪುಸ್ತಕದ ಮುಂದೆ. ಪರೀಕ್ಷೆಯಲ್ಲಿ ಮೊದಲು. ತಂದೆಗೆ ಅವನೇ ಕಣ್ಮಣಿ. ಮಾಧುಗೆ ಓದು ಹತ್ತುವುದಿಲ್ಲ. ಆದರೆ ಮನೆಗೆಲಸಕ್ಕೆ, ತಾಯಿಗೆ, ನೆರೆಹೊರೆಯವರ ಕಷ್ಟಕ್ಕೆ ಅವನೇ ಆಸರೆ. ತಂದೆ ಅವನನ್ನು ದಡ್ಡ ಎಂದು ಬೈಯುತ್ತಲೇ ಇರುತ್ತಾನೆ. ಬೆಂಕಿಯ ಅನಾಹುತ ಎದುರಾದಾಗ ಯಾರ ವಿದ್ಯೆ ಟೊಳ್ಳು, ಯಾರ ಗುಣ ಗಟ್ಟಿ ಎಂಬುದು ಬಯಲಾಗುತ್ತದೆ.

ನೂರು ವರ್ಷ ಕಳೆದಿದೆ. ಅಂದು ಮೆಟ್ರಿಕ್ ಪರೀಕ್ಷೆ, ಇಂದು ಪಿಯುಸಿ, ಸಿಇಟಿ, ನೀಟ್. ಫಲಿತಾಂಶದ ದಿನ ಒಂದು ಮಗುವನ್ನು ಮೆರೆಸಿ ಇನ್ನೊಂದು ಮಗುವಿನ ಮುಖ ನೋಡದ ಮನೆಗಳು ಇನ್ನೂ ಇವೆ. ಕೈಲಾಸಂ ಸ್ವತಃ ಪರೀಕ್ಷೆಗಳನ್ನು ಚೆನ್ನಾಗಿ ಪಾಸು ಮಾಡಿದವರು. ಆದ್ದರಿಂದ ಅವರು ಅಂಕದ ಬಗ್ಗೆ ಆಡಿದ ಮಾತು ಹೊಟ್ಟೆಕಿಚ್ಚಿನ ಮಾತಾಗಿರಲಿಲ್ಲ. ವಿದ್ಯೆ ಇದ್ದು ಕರುಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದೇ ಅವರ ಚಿಂತೆ. ‘ಪೋಲಿಕಿಟ್ಟಿ’ಯಲ್ಲೂ ಇದೇ ನೋಟ. ಊರೆಲ್ಲ ಪೋಲಿ ಎಂದು ಕರೆಯುವ ಹುಡುಗನ ಒಳಗೆ ಎಂತಹ ಒಳ್ಳೆಯತನವಿದೆ ಎಂದು ಆ ನಾಟಕ ತೋರಿಸುತ್ತದೆ.

ಮನೆಯ ಕನ್ನಡಿ

ಮುಂದೆ ಒಂದರ ಹಿಂದೆ ಒಂದು ನಾಟಕಗಳು ಬಂದವು. ‘ಹೋಂ ರೂಲು’, ‘ಅಮ್ಮಾವ್ರ ಗಂಡ’, ‘ಬಂಡ್ವಾಳ್ವಿಲ್ಲದ ಬಡಾಯಿ’, ‘ಗಂಡಸ್ಕತ್ರಿ’, ‘ವೈದ್ಯನ ವ್ಯಾಧಿ’, ‘ಹುತ್ತದಲ್ಲಿ ಹುತ್ತ’, ‘ನಮ್ ಕ್ಲಬ್ಬು’, ‘ನಮ್ ಕಂಪ್ನಿ’. ಹೆಸರು ಕೇಳಿದರೇ ನಗು ಬರುತ್ತದೆ. ದೇಶದಲ್ಲಿ ಆನಿ ಬೆಸೆಂಟ್ ಅವರ ಹೋಂ ರೂಲ್ ಚಳವಳಿಯ ಮಾತು ನಡೆದಿದ್ದಾಗ, ಮನೆಯೊಳಗೆ ಯಾರ ಆಳ್ವಿಕೆ ಎಂಬ ಪ್ರಶ್ನೆಗೆ ಕೈಲಾಸಂ ಆ ಹೆಸರನ್ನು ಅಂಟಿಸಿದರು. ಬಂಡವಾಳ ಇಲ್ಲದೆ ಬಡಾಯಿ ಕೊಚ್ಚುವವರು ಯಾವ ಪೇಟೆಯಲ್ಲಿ ಇಲ್ಲ? ಆ ನಾಟಕದ ಹೆಸರು ಇಂದು ಗಾದೆಯಂತೆ ಬಳಕೆಯಲ್ಲಿದೆ.

ನಗಿಸುತ್ತಲೇ ಅವರು ಮುಟ್ಟಿದ ವಿಷಯಗಳು ಹಗುರವಾದವಲ್ಲ. ‘ತಾಳಿ ಕಟ್ಟೋಕ್ ಕೂಲೀನೆ?’ ವರದಕ್ಷಿಣೆಯ ಕುರಿತದ್ದು. ತಾಳಿ ಕಟ್ಟುವುದಕ್ಕೆ ಗಂಡು ಕೂಲಿ ಕೇಳುತ್ತಾನೆಯೇ ಎಂದು ಹೆಸರಿನಲ್ಲೇ ಕೆನ್ನೆಗೆ ಹೊಡೆದ ಹಾಗೆ ಕೇಳಿದರು. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ಅದಕ್ಕೂ ದಶಕಗಳ ಹಿಂದೆ ಈ ಪ್ರಶ್ನೆ ರಂಗದ ಮೇಲೆ ಬಂದಿತ್ತು. ‘ಬಹಿಷ್ಕಾರ’ ನಗೆಯ ನಾಟಕವಲ್ಲ. ಮಗಳು ದೊಡ್ಡವಳಾಗುವ ಮುನ್ನ ಮದುವೆ ಮಾಡಲಾಗದ ಒಬ್ಬ ಬಡ ತಂದೆ, ಅವನನ್ನು ಜಾತಿಯಿಂದ ಹೊರಗಿಡುವ ಸಮಾಜ, ಆ ಒತ್ತಡಕ್ಕೆ ನಲುಗುವ ಹೆಣ್ಣುಮಗಳು. ಕೊನೆ ದುಃಖದ್ದು. ಸಮಾಜ ಕೀಳೆಂದು ತಳ್ಳಿದ ಹೆಣ್ಣಿನ ಬದುಕನ್ನು ‘ಸೂಳೆ’ ಎಂಬ ನಾಟಕದಲ್ಲಿ ಎತ್ತಿಕೊಂಡು, ಗೌರವಸ್ಥರೆನಿಸಿಕೊಂಡ ಗಂಡಸರ ಕಡೆ ಬೆರಳು ತೋರಿಸಿದರು. ತಮ್ಮ ಸ್ವಂತ ಜಾತಿಯವರ ಆಚಾರ, ಡಂಭ ಇವುಗಳನ್ನೂ ಬಿಡಲಿಲ್ಲ. ಅವರ ನಾಟಕಗಳ ಬಹುಪಾಲು ಪಾತ್ರಗಳು ಅವರದೇ ವರ್ಗದ ಓದಿದ ಕುಟುಂಬಗಳಿಂದ ಬಂದವು. ಬೇರೆಯವರನ್ನು ಹಳಿಯುವುದಕ್ಕಿಂತ ಮೊದಲು ತನ್ನ ಮನೆಯನ್ನು ಗುಡಿಸಿದ ನಾಟಕಕಾರ ಅವರು.

ಭಾಷೆಯ ವಿಷಯದಲ್ಲಿ ಅವರ ಧೈರ್ಯ ದೊಡ್ಡದು. ಆಗಿನ ಬೆಂಗಳೂರಿನ ವಕೀಲ, ಗುಮಾಸ್ತ, ಕಾಲೇಜು ಹುಡುಗ ಮಾತಾಡುವಾಗ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಮನೆಯ ಅಜ್ಜಿ ಒಂದು ಬಗೆ, ಆಳು ಇನ್ನೊಂದು ಬಗೆ. ಇವರ ಮಾತನ್ನು ಕೈಲಾಸಂ ಹಾಗೆಯೇ ರಂಗಕ್ಕೆ ತಂದರು. ಭಾಷೆ ಕೆಡಿಸಿದರು ಎಂಬ ಆಕ್ಷೇಪಣೆಯೂ ಬಂತು. ಕೇಳಿದವರಿಗೆ ಮಾತ್ರ ತಮ್ಮ ಮನೆಯ ಹಜಾರದಲ್ಲೇ ಕೂತ ಹಾಗೆ ಆಗುತ್ತಿತ್ತು. ಪದಗಳನ್ನು ಒಡೆದು, ಜೋಡಿಸಿ, ಎರಡರ್ಥ ಹೊರಡಿಸುವ ಅವರ ಚಮತ್ಕಾರಕ್ಕೆ ಸಾಟಿಯಿಲ್ಲ.

ಒಬ್ಬರೇ ಎಲ್ಲ ಪಾತ್ರ

ಕೈಲಾಸಂ ಸ್ವತಃ ನಟರು. ಪರದೆ, ಬಣ್ಣ, ದೀಪ ಇಲ್ಲದೆ ಕುರ್ಚಿಯ ಮೇಲೆ ಕೂತು ಇಡೀ ನಾಟಕ ಆಡಬಲ್ಲವರಾಗಿದ್ದರು. ಸ್ನೇಹಿತರ ಮನೆಯಲ್ಲೋ ಸಂಘದ ಕೋಣೆಯಲ್ಲೋ ಜನ ಸೇರಿದರೆ ಸಾಕು. ಗಂಡನ ಗದರಿಕೆ, ಹೆಂಡತಿಯ ಗೊಣಗು, ಆಳಿನ ತೊದಲು, ಮಗುವಿನ ಹಠ ಎಲ್ಲ ಒಂದೇ ಬಾಯಿಂದ ಬರುತ್ತಿತ್ತು. ಕಾಗದ ಕೈಯಲ್ಲಿ ಇರುತ್ತಿರಲಿಲ್ಲ. ನಾಟಕ ಪೂರ್ತಿ ತಲೆಯಲ್ಲೇ ಇತ್ತು. ಒಂದು ಸಲ ಹೇಳಿದ್ದು ಇನ್ನೊಂದು ಸಲ ಬೇರೆಯಾಗುತ್ತಿದ್ದದ್ದೂ ಉಂಟು.

ಇಲ್ಲೇ ಅಪಾಯವೂ ಇತ್ತು. ತಲೆಯಲ್ಲಿ ಇದ್ದದ್ದು ತಲೆಯ ಜೊತೆಗೇ ಹೋಗುತ್ತದೆ. ಬರೆದಿಡಿ ಎಂದು ಸ್ನೇಹಿತರು ಒತ್ತಾಯ ಮಾಡಿದರೂ ಅವರು ಕೂತು ಬರೆಯುವ ಸ್ವಭಾವದವರಾಗಿರಲಿಲ್ಲ. ಕೊನೆಗೆ ಅಭಿಮಾನಿಗಳೇ ಲೇಖನಿ ಹಿಡಿದರು. ಅವರು ಹೇಳುತ್ತಾ ಹೋದಂತೆ ಬರೆದುಕೊಂಡವರಲ್ಲಿ ಬಿ.ಎಸ್. ರಾಮರಾವ್ ಅವರ ಹೆಸರು ಮುಖ್ಯವಾದದ್ದು. ಮಾತಿನ ವೇಗಕ್ಕೆ ಕೈ ಓಡಬೇಕು, ಆಡುಮಾತಿನ ಉಚ್ಚಾರಣೆ ಅಕ್ಷರದಲ್ಲಿ ಬರಬೇಕು. ಇದು ಸುಲಭದ ಕೆಲಸವಲ್ಲ. ಹೆಸರು ಬರುವ ಕೆಲಸವೂ ಅಲ್ಲ. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ನಾಡಿನವರಿಗೆ ಈ ಸೇವೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕವಿಗೆ ಎಷ್ಟು ಪುಣ್ಯವೋ ಪ್ರತಿ ಮಾಡಿಸಿದವರಿಗೂ ಅಷ್ಟೇ ಪುಣ್ಯ ಎಂದು ತಿಳಿದ ಪರಂಪರೆ ಇದು. ಕೈಲಾಸಂ ಹೇಳಿ, ಯಾರೂ ಬರೆದುಕೊಳ್ಳದೆ ಗಾಳಿಗೆ ಹೋದ ಮಾತುಗಳು ಎಷ್ಟೋ.

ಅವರ ನಾಟಕಗಳನ್ನು ಆಡಿ ಉಳಿಸಿದವರೂ ಇದ್ದಾರೆ. ಬೆಂಗಳೂರಿನಲ್ಲಿ ವ್ಯಾಯಾಮ ಶಾಲೆ ನಡೆಸಿ ದೇಶದಾಚೆಗೂ ಹೆಸರಾಗಿದ್ದ ಕೆ.ವಿ. ಅಯ್ಯರ್ ಅವರು ಕೈಲಾಸಂ ಅವರ ಆಪ್ತರು. ಅಂಗಸಾಧನೆಯಲ್ಲಿ ಕೈಲಾಸಂ ಅವರಿಗೂ ಆಸಕ್ತಿ ಇತ್ತು. ಅಯ್ಯರ್ ಅವರು ಕಟ್ಟಿದ ರವಿ ಕಲಾವಿದರು ತಂಡ ಕೈಲಾಸಂ ನಾಟಕಗಳನ್ನು ಜನರ ಮುಂದೆ ತಂದಿತು. ಹೊಯ್ಸಳ ರಾಣಿಯ ಕಥೆಯಾದ ‘ಶಾಂತಲಾ’ ಕಾದಂಬರಿ ಬರೆದವರೂ ಇದೇ ಕೆ.ವಿ. ಅಯ್ಯರ್. ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದ ಶಾಂತಲೆಯನ್ನು ಮನೆಮನೆಗೆ ಪರಿಚಯಿಸಿದ ಆ ಕಾದಂಬರಿಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ.

ಇಂಗ್ಲಿಷ್ ನಾಟಕಗಳು: ಏಕಲವ್ಯನ ಉದ್ದೇಶ

ಕೈಲಾಸಂ ಅವರಿಗೆ ಇನ್ನೊಂದು ಮುಖವಿತ್ತು. ಕನ್ನಡದಲ್ಲಿ ನಗಿಸಿದವರು ಇಂಗ್ಲಿಷಿನಲ್ಲಿ ಗಂಭೀರ ಪೌರಾಣಿಕ ನಾಟಕಗಳನ್ನು ರಚಿಸಿದರು. 1933ರಲ್ಲಿ ‘ಲಿಟಲ್ ಲೇಸ್ ಅಂಡ್ ಪ್ಲೇಸ್’ ಎಂಬ ಪುಸ್ತಕ ಬಂತು. 1944ರಲ್ಲಿ ‘ಪರ್ಪಸ್’, 1946ರಲ್ಲಿ ಕರ್ಣನ ಕಥೆಯ ನಾಟಕ. ಪುರಾಣ ಪುರುಷರ ಬಾಯಲ್ಲಿ ಬೆಂಗಳೂರಿನ ಮನೆಮಾತು ಹೊಂದುವುದಿಲ್ಲ, ಅವರಿಗೆ ಎತ್ತರದ ಮಾತು ಬೇಕು ಎಂಬ ಭಾವನೆಯಿಂದ ಅವರು ಇಂಗ್ಲಿಷ್ ಆರಿಸಿಕೊಂಡರು ಎಂದು ಸಾಮಾನ್ಯವಾಗಿ ವಿವರಿಸಲಾಗುತ್ತದೆ.

ಅಹಿಂಸೆಯನ್ನು ಪರಮ ಧರ್ಮವೆಂದು ನಂಬಿದವರು ‘ಪರ್ಪಸ್’ ನಾಟಕವನ್ನು ವಿಶೇಷವಾಗಿ ಗಮನಿಸಬೇಕು. ಪರ್ಪಸ್ ಎಂದರೆ ಉದ್ದೇಶ. ದ್ರೋಣಾಚಾರ್ಯರ ಬಳಿ ಇಬ್ಬರು ಬಿಲ್ಲುವಿದ್ಯೆ ಕಲಿಯಲು ಬರುತ್ತಾರೆ. ಅರ್ಜುನನ ಉದ್ದೇಶ ಲೋಕದಲ್ಲೇ ಮೊದಲ ಬಿಲ್ಲುಗಾರನಾಗುವುದು. ಬೇಡರ ಹುಡುಗ ಏಕಲವ್ಯನ ಉದ್ದೇಶ ಬೇರೆ. ಕಾಡಿನಲ್ಲಿ ತೋಳಗಳು ಜಿಂಕೆಯ ಮರಿಗಳನ್ನು ಕೊಲ್ಲುತ್ತವೆ. ಆ ಬಡಪ್ರಾಣಿಗಳನ್ನು ಕಾಪಾಡಲು ಅವನಿಗೆ ವಿದ್ಯೆ ಬೇಕು. ಹೆಸರಿಗಾಗಿ ಕಲಿಯುವವನು, ಜೀವ ಉಳಿಸಲು ಕಲಿಯುವವನು ಇಬ್ಬರನ್ನೂ ಎದುರುಬದುರು ನಿಲ್ಲಿಸಿದಾಗ ಯಾರು ದೊಡ್ಡವರು ಎಂದು ನೋಡಿದವರೇ ತೀರ್ಮಾನಿಸಬೇಕು. ಹೆಬ್ಬೆರಳು ಹೋದ ಮೇಲೆ ಏಕಲವ್ಯನಿಗೆ ಆಗುವ ನಷ್ಟ ಅವನೊಬ್ಬನದೇ ಅಲ್ಲ, ಆ ಜಿಂಕೆಮರಿಗಳದ್ದೂ ಹೌದು. ಗಮನಿಸಿ ನೋಡಿದರೆ ‘ಟೊಳ್ಳುಗಟ್ಟಿ’ಯ ಪುಟ್ಟು ಮತ್ತು ಮಾಧು ಇವರೇ ಇಲ್ಲಿ ಬೇರೆ ವೇಷದಲ್ಲಿ ಬಂದ ಹಾಗಿದೆ. ವಿದ್ಯೆ ಯಾತಕ್ಕೆ ಎಂಬ ಒಂದೇ ಪ್ರಶ್ನೆಯನ್ನು ಅವರು ಕನ್ನಡದಲ್ಲಿ ಮೊದಲು ಕೇಳಿದರು, ಕಾಲು ಶತಮಾನದ ನಂತರ ಇಂಗ್ಲಿಷಿನಲ್ಲಿ ಮತ್ತೆ ಕೇಳಿದರು.

ಕೊನೆಯ ವರ್ಷಗಳು

ಕೈಲಾಸಂ ಅವರ ಸ್ವಂತ ಬದುಕು ನೇರದಾರಿಯದಲ್ಲ. ಕುಡಿತ ಮತ್ತು ಧೂಮಪಾನ ಅವರನ್ನು ಬಿಡಲಿಲ್ಲ. ಸಂಸಾರದಿಂದ ದೂರವಾಗಿ, ನೂಕ್ ಎಂದು ತಾವೇ ಹೆಸರಿಟ್ಟುಕೊಂಡ ಮೂಲೆಯಲ್ಲಿ ಬಹುಕಾಲ ಇದ್ದರು. ಹಣ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಇವನ್ನೆಲ್ಲ ಮುಚ್ಚಿಟ್ಟು ಅವರನ್ನು ಹೊಗಳುವ ಅಗತ್ಯವಿಲ್ಲ. ಡಂಭವನ್ನು ಜೀವಮಾನವೆಲ್ಲ ಗೇಲಿ ಮಾಡಿದವರು ತಮ್ಮ ದೌರ್ಬಲ್ಯಗಳ ಮೇಲೂ ಪರದೆ ಎಳೆಯಲಿಲ್ಲ. ಆ ದುಶ್ಚಟಗಳು ಅವರ ದೇಹವನ್ನೂ ಸಂಸಾರವನ್ನೂ ಎಷ್ಟು ಸವೆಸಿದವು ಎಂಬುದನ್ನು ತರುಣರು ಅರಿಯಬೇಕು. ಅದೇ ಬದುಕಿನಿಂದ ಇಷ್ಟು ಕರುಣೆಯ ನಾಟಕಗಳು ಬಂದವು ಎಂಬುದನ್ನೂ ಅರಿಯಬೇಕು.

ಕನ್ನಡ ಜನ ಅವರನ್ನು ಮರೆಯಲಿಲ್ಲ. 1945ರಲ್ಲಿ ಮದ್ರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ತರುಣನಾಗಿದ್ದಾಗ ಭೂಗರ್ಭಶಾಸ್ತ್ರ ಓದಿದ ಊರಿಗೇ ಕನ್ನಡ ಸಾಹಿತ್ಯದ ಪ್ರತಿನಿಧಿಯಾಗಿ ಹೋದರು. ತಮಿಳು ಮನೆಮಾತಿನ, ಆಡುಮಾತಿನಲ್ಲಿ ನಾಟಕ ಹೇಳಿದ ಒಬ್ಬರಿಗೆ ಸಾಹಿತ್ಯ ಪರಿಷತ್ತು ಕೊಟ್ಟ ಆ ಗೌರವ ಸಣ್ಣದಲ್ಲ. ಮರುವರ್ಷವೇ, 1946ರ ನವೆಂಬರ್ 23ರಂದು ಅವರು ತೀರಿಕೊಂಡರು. ಆಗ ಅವರಿಗೆ 62 ವರ್ಷ. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನು ಒಂಬತ್ತು ತಿಂಗಳು ಬಾಕಿ ಇತ್ತು.

ಇಂದಿನ ಬೆಂಗಳೂರಿನಲ್ಲಿ

ಕೈಲಾಸಂ ಕಂಡ ಬೆಂಗಳೂರು ಚಿಕ್ಕದು. ಇಂದಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಬಡಾವಣೆಗಳು ಆಗ ಇರಲಿಲ್ಲ. ಕೆಂಗೇರಿ ಮೈಸೂರು ದಾರಿಯಲ್ಲಿ ಸಿಗುವ ಬೇರೆಯೇ ಊರು. ಈಗ ಆ ಕಡೆಯ ಬೀದಿಗಳಲ್ಲೇ ಲಕ್ಷಗಟ್ಟಲೆ ಕುಟುಂಬಗಳಿವೆ. ಬಸವೇಶ್ವರನಗರದ ಕೆ.ಇ.ಎ. ಪ್ರಭಾತ್ ರಂಗಮಂದಿರದಂತಹ ಜಾಗಗಳು ಮನೆಯ ಹತ್ತಿರಕ್ಕೇ ನಾಟಕವನ್ನು ತಂದಿವೆ. ನಟ ಸಿ.ಆರ್. ಸಿಂಹ ಅವರು ‘ಟಿಪಿಕಲ್ ಟಿ.ಪಿ. ಕೈಲಾಸಂ’ ಎಂಬ ಏಕವ್ಯಕ್ತಿ ನಾಟಕದಲ್ಲಿ ಕೈಲಾಸಂ ಅವರನ್ನೇ ರಂಗದ ಮೇಲೆ ನಿಲ್ಲಿಸಿ, ಅವರನ್ನು ಕಣ್ಣಾರೆ ಕಾಣದ ಪೀಳಿಗೆಗೆ ತೋರಿಸಿದರು. ಶಾಲೆ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ‘ಟೊಳ್ಳುಗಟ್ಟಿ’, ‘ಪೋಲಿಕಿಟ್ಟಿ’ ಮತ್ತೆ ಮತ್ತೆ ಆಡಲ್ಪಟ್ಟಿವೆ.

ಅವರ ನಾಟಕಗಳಿಗೆ ಖರ್ಚು ಬಹಳ ಇಲ್ಲ. ಒಂದು ಕೋಣೆ, ಎರಡು ಕುರ್ಚಿ, ಒಂದು ಮೇಜು, ಆರೇಳು ಜನ ಇದ್ದರೆ ಆಡಬಹುದು. ಮಹಿಳಾ ಸಮಾಜಗಳು, ಯುವಕ ಸಂಘಗಳು, ಬೇಸಿಗೆ ಶಿಬಿರಗಳು ಒಂದು ಸಂಜೆ ‘ಟೊಳ್ಳುಗಟ್ಟಿ’ ಆಡಿಸಿದರೆ ಮಕ್ಕಳ ಜೊತೆ ತಂದೆತಾಯಿಗಳಿಗೂ ಪಾಠವಾಗುತ್ತದೆ. ಹಾಗೆಯೇ ಮನೆಯ ಅಜ್ಜ ಅಜ್ಜಿಯರ ಬಾಯಲ್ಲಿ ಇರುವ ಹಾಡು, ಕಥೆ, ಹಳೆಯ ಊರಿನ ವಿಚಾರ ಇವುಗಳನ್ನು ಯಾರಾದರೂ ಒಬ್ಬರು ಕೂತು ಬರೆದುಕೊಳ್ಳುವುದು ಒಳ್ಳೆಯದು. ಕೈಲಾಸಂ ಅವರ ಪಕ್ಕದಲ್ಲಿ ಲೇಖನಿ ಹಿಡಿದು ಕೂತವರು ಇಲ್ಲದಿದ್ದರೆ ಮಾಧುವೂ ಇಲ್ಲ, ಕಿಟ್ಟಿಯೂ ಇಲ್ಲ. ಹೇಳುವವರು ಇರುವಾಗಲೇ ಬರೆದಿಡಬೇಕು.